ಗಾದಿಯ ಮೇಲೆ ಎಂಟು ಹಾಡು

…ದಿನಕ್ಕೆ ನಲವತ್ತು ನಿಮಿಷ ಹಾಡಬಹುದು ಎಂದು ಡಾಕ್ಟರೇ ಹೇಳಿದ್ದರೋ, ಅಥವಾ ಅವರು ಮೂವತ್ತು ಎಂದದ್ದನ್ನು ನಾನು ನಲವತ್ತು ಮಾಡಿಕೊಂಡೆನೋ, ಈಗ ಖಚಿತವಿಲ್ಲ. ಚೀಟಿ ಎಲ್ಲೋ ಹೋಗಿದೆ. ನೆನಪಿನಲ್ಲಿ ನಲವತ್ತು ಎಂಬುದು ಡಾಕ್ಟರ ದನಿಯಲ್ಲೇ ಕೇಳಿಸುತ್ತದೆ. ಆದರೆ ನನ್ನ ನೆನಪು ತನಗೆ ಬೇಕಾದದ್ದನ್ನು ಬೇರೆಯವರ ದನಿಯಲ್ಲಿ ಹೇಳಿಸುವುದನ್ನು ನಾನು ಹಿಂದೆಯೂ ಹಿಡಿದಿದ್ದೇನೆ.

ಆದ್ದರಿಂದ ಮೊದಲೇ ಒಂದು ಮಾತು. ಈ ಬರಹದಲ್ಲಿ ನಾನು ಆಡಿದ ಮಾತುಗಳು ಬಹುಮಟ್ಟಿಗೆ ನಿಜ. ಆ ಮೂರು ತಿಂಗಳು ನಾನು ಬಾಯಿ ಬಿಟ್ಟು ಮಾತಾಡುವಂತಿರಲಿಲ್ಲ. ಏನಿದ್ದರೂ ಫೋನಿನಲ್ಲಿ ಬರೆದು ತೋರಿಸುತ್ತಿದ್ದೆ, ಅದೆಲ್ಲ ಹೊತ್ತು ಸಮೇತ ಅಲ್ಲೇ ಇದೆ. ಉಳಿದವರ ಮಾತು ನೆನಪಿನಿಂದ ತೆಗೆದದ್ದು. ಅರ್ಧ ದಾಖಲೆ, ಅರ್ಧ ಊಹೆ.

ದಾವಣಗೆರೆಯಲ್ಲಿ ಓದುವಾಗ ಕಟ್ಟಿದ ರಾಕ್ ಬ್ಯಾಂಡಿನಲ್ಲಿ ನಾನು ಹಾಡುವವಳು. ಹಾಡುವುದು ಎಂದರೆ ನಮ್ಮಲ್ಲಿ ಒಂದು ಡ್ರಮ್ ಸೆಟ್ಟು, ಎರಡು ಗಿಟಾರು ದಾಟಿ ಕೇಳಿಸುವುದು. ಹತ್ತು ವರ್ಷ ಕೇಳಿಸಿದೆ. ಹನ್ನೊಂದನೆಯ ವರ್ಷ ಎತ್ತರದ ಸ್ವರಗಳಲ್ಲಿ ದನಿಯ ಬದಲು ಗಾಳಿ ಬರತೊಡಗಿತು. ಡಾಕ್ಟರು ಮೂಗಿನಿಂದ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ದನಿಯ ಎರಡು ತಂತುಗಳ ಮೇಲೆ, ಎದುರುಬದುರಾಗಿ, ಸಾಸಿವೆಯಷ್ಟು ಎರಡು ಬಿಳಿ ಗಂಟು.

"ಈಗಲೇ ಆಪರೇಷನ್ ಬೇಡ. ಮೂರು ತಿಂಗಳು ಮಾತು ಪೂರ್ತಿ ಬಿಡಿ. ದಿನಕ್ಕೆ ಇಷ್ಟು ಹೊತ್ತು ಅಂತ ಮೆಲ್ಲಗೆ ಹಾಡಿ. ಕೂಗಬೇಡಿ. ಕರಗಿದರೆ ಸರಿ."

ಕರಗದಿದ್ದರೆ ಎಂದು ನಾನು ಬರೆದು ತೋರಿಸಿದ್ದು ಫೋನಿನಲ್ಲಿದೆ. ಅವರು ಏನೆಂದರೋ ನೆನಪಿಲ್ಲ. ಕೈ ತೊಳೆಯಲು ಎದ್ದು ಹೋದದ್ದು ನೆನಪಿದೆ.

ಮೆಲ್ಲಗೆ ಹಾಡುವ ಎಂಟು ಹಾಡು ನನ್ನ ಬಳಿ ಇದ್ದವು, ಬ್ಯಾಂಡಿಗೆ ಒಗ್ಗದವು. ಡ್ರಮ್ ಬಾರಿಸುವ ಗೆಳೆಯ ಅವಕ್ಕೆ ಬಚ್ಚಲುಮನೆ ಹಾಡು ಎಂದು ಹೆಸರಿಟ್ಟಿದ್ದ. ಕೀಬೋರ್ಡು, ಮಷೀನಿನ ತಾಳ, ಸಲೀಸಾದ ಪಲ್ಲವಿ, ಸಿಟಿ ಬಸ್ಸಿನಲ್ಲಿ ಗುನುಗಬಹುದಾದ ಪಾಪ್ ಹಾಡು. ಈ ಮೂರು ತಿಂಗಳಲ್ಲಿ ಅವನ್ನೇ ನನ್ನೊಬ್ಬಳ ಹೆಸರಿನ ಮೊದಲ ಆಲ್ಬಮ್ ಮಾಡುತ್ತೇನೆ ಎಂದುಕೊಂಡೆ. ಧೈರ್ಯ ಎಂದು ಯಾರಾದರೂ ಅಂದರೆ ನಂಬಬೇಡಿ. ಮೆಲ್ಲಗೆ ಹಾಡಲು ಬಂದರೆ ಹಾಡುವವಳಾಗಿ ಉಳಿಯುತ್ತೇನೆ, ಬರದಿದ್ದರೆ ಇಲ್ಲ ಎಂಬ ಲೆಕ್ಕ ಮಾತ್ರ ಇತ್ತು.

ದಾವಣಗೆರೆಯ ಸ್ಟುಡಿಯೋಗಳಲ್ಲಿ ಗುರುತಿನವರು ಹೆಚ್ಚು. ಬಾಗಿಲು ತೆಗೆದರೆ ಮಾತು. ಅದಕ್ಕೆ ಹರಿಹರಕ್ಕೆ ಹೋದೆ. ಅಲ್ಲಿ ಐವತ್ತು ದಾಟಿದ ಒಬ್ಬರು ಒಂದು ಕೋಣೆಯಲ್ಲಿ ರೆಕಾರ್ಡಿಂಗ್ ಮಾಡುತ್ತಿದ್ದರು. ಆಟೋಕ್ಕೆ ಮೈಕು ಕಟ್ಟಿ ಊರೆಲ್ಲ ಸುತ್ತಿಸುವ ಜಾಹೀರಾತು, ಭಜನಾ ಮಂಡಳಿಗಳ ಹಾಡು, ಇವೇ ಅವರ ಕೆಲಸ. ಭಜನೆಯವರು ಕೂರಲೆಂದು ಕೋಣೆಯ ಅರ್ಧಕ್ಕೆ ಹಲಗೆ ಬಡಿದು ಗೇಣೆತ್ತರದ ವೇದಿಕೆ ಮಾಡಿದ್ದರು. ಒಂದು ಒಳ್ಳೆಯ ಮೈಕು, ಒಂದು ಕಂಪ್ಯೂಟರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅಂದರೆ ಬರೆಯುತ್ತಿದ್ದೆ. ನಾನು ಮಾತಾಡುವುದಿಲ್ಲ ಎಂದು ತಿಳಿದ ಮೇಲೆ ಅವರು ನನ್ನೊಂದಿಗೆ ಜೋರಾಗಿ, ಒಂದೊಂದೇ ಅಕ್ಷರ ಬಿಡಿಸಿ ಮಾತಾಡತೊಡಗಿದರು.

"ನನಗೆ ಕಿವಿ ಕೇಳ್ತೈತೆ ಅಣ್ಣ" ಎಂದು ಬರೆದು ತೋರಿಸಿದೆ.

"ಹೌದಲ್ಲ!" ಎಂದು ಅದನ್ನೂ ಕೂಗಿಯೇ ಹೇಳಿದರು.

ಕ್ರಮ ಹೀಗಿತ್ತು. ಬೆಳಿಗ್ಗೆ ದಾವಣಗೆರೆ ಪಕ್ಕದ ಶಾಮನೂರಿನ ಮನೆಯಲ್ಲಿ ಬಿಸಿನೀರ ಹಬೆ. ಆಮೇಲೆ ಅರ್ಧ ಲೋಟ ನೀರಿನಲ್ಲಿ ಸ್ಟ್ರಾ ಅದ್ದಿ, ತುಟಿ ಮುಚ್ಚಿ 'ಊ' ಎನ್ನುವ ಅಭ್ಯಾಸ. ಗುಳ್ಳೆ ಒಂದೇ ಸಮ ಏಳಬೇಕು, ಬಿಟ್ಟು ಬಿಟ್ಟು ಎದ್ದರೆ ಗಂಟಲು ಹಿಸುಕಿಕೊಳ್ಳುತ್ತಿದೆ ಎಂದರ್ಥ. ಹರಿಹರದ ಬಸ್ಸು. ಬಸ್ಸಿನಲ್ಲಿ ಪಕ್ಕದವರು ಯಾವ ಊರವ್ವ ಎಂದರೆ ಕೈಯಾಡಿಸಿ ಬಾಯಿ ತೋರಿಸುತ್ತಿದ್ದೆ. ಒಬ್ಬ ಅಜ್ಜಿ ಹಿಂದಿನ ಸೀಟಿನವರೆಗೂ ಕೇಳುವಂತೆ, "ಪಾಪ, ಮಾತು ಬರಂಗಿಲ್ಲ ಹುಡುಗಿಗೆ. ನೋಡಾಕ ಹೆಂಗೈತೆ ನೋಡ್ರಿ, ಲಕ್ಷಣವಾಗಿ" ಎಂದು ನನ್ನ ಕೆನ್ನೆ ಸವರಿ ಒಂದು ಬಾಳೆಹಣ್ಣು ಕೊಟ್ಟರು. ತಿಂದೆ. ಹತ್ತು ವರ್ಷ ಕೂಗಿದವಳಿಗೆ ಅಂಥ ಮರ್ಯಾದೆ ಎಲ್ಲೂ ಸಿಕ್ಕಿರಲಿಲ್ಲ.

ಅಣ್ಣನ ಕೋಣೆಯಲ್ಲಿ ಮೈಕಿನಿಂದ ಒಂದು ಗೇಣು ನಾಲ್ಕು ಬೆರಳು ದೂರ ನಿಲ್ಲುವುದು. ಹೆಡ್‌ಫೋನು ಒಂದು ಕಿವಿಗೆ ಮಾತ್ರ. ನಲವತ್ತು ನಿಮಿಷದ ಅಲಾರಂ ಇಟ್ಟು ಶುರು. ಸಾಲಿನ ನಡುವೆ ಹೊಡೆದುಕೊಂಡರೂ ಅಲ್ಲೇ ನಿಲ್ಲಿಸುವುದು. ಎರಡು ವಾರದಲ್ಲಿ ಐದು ಹಾಡು ಮುಗಿದವು. ಇಷ್ಟು ಸುಲಭವೇ ಎನಿಸಿತು. ಸಂಜೆಯಾದರೆ ಗಂಟಲು ಕೆರೆಯುತ್ತಿತ್ತು. ಬಸ್ಸಿನ ಧೂಳು ಎಂದುಕೊಂಡೆ.

ಆಗ ಡ್ರಮ್ಮಿನ ಗೆಳೆಯ ಹರಿಹರಕ್ಕೆ ಬಂದ. ನೋಡಿಕೊಂಡು ಹೋಗಲು ಎಂದ. ಅವನಿಗೆ ಒಳಗೆ ಸಿಟ್ಟಿತ್ತು ಎಂದು ನನಗೆ ಗೊತ್ತಿತ್ತು. "ನನ್ನ ಬಿಟ್ಟು ಮಷೀನ್ ಇಟ್ಕಂಡಿದೀಯ, ನಡೀಲಿ ನಡೀಲಿ" ಎಂದು ಮೆಟ್ಟಿಲ ಹತ್ತಿರವೇ ಹೇಳಿದ್ದ. ಅಣ್ಣ ಮೊದಲ ಹಾಡು ಹಾಕಿದರು. ಗೆಳೆಯ ಕಣ್ಣು ಮುಚ್ಚಿ ಕೇಳಿದ. ಅರ್ಧಕ್ಕೆ ಕಣ್ಣು ಬಿಟ್ಟ.

"ಲೇ, ಇದ್ಯಾವುದಿದು, ದಬ್ ದಬ್ ಅಂತ?"

"ಅದು ಆಕೀದೇರಿ" ಎಂದರು ಅಣ್ಣ. "ಮಷೀನಿನ ತಾಳದಾಗೆ ಹಾಕ್ಕಂಡು ಬಂದಾಳೆ."

ನಾನು ಬರೆದೆ: "ನಾನು ಹಾಕಿಲ್ಲ. ಅಣ್ಣ ಹಾಕಿದ್ದು ಅನ್ಕಂಡಿದ್ದೆ."

"ನಾನೆಲ್ಲಿ ಹಾಕ್ದೆ? ಚಲೋ ಕೇಳ್ತೈತೆ ಅಂತ ಒಂಚೂರು ಏರಿಸಿದೆ, ಅಷ್ಟೇ."

ಗೆಳೆಯ ಐದೂ ಹಾಡು ಕೇಳಿದ. ಐದರಲ್ಲೂ ಇತ್ತು, ಪ್ರತಿ ಸಾಲು ಶುರುವಾಗುವ ಮುಂಚೆ. ಆಮೇಲೆ ಅವನು ನಕ್ಕ ನಗು ಪಕ್ಕದ ಅಂಗಡಿಗೂ ಕೇಳಿಸಿರಬೇಕು.

"ರೀ ಅಣ್ಣಾರ, ಇದು ಇವಳ ಎಡಗಾಲು! ಹತ್ತು ವರ್ಷ ಆ ಹಿಮ್ಮಡಿ ನೋಡ್ಕೊಂಡೇ ಬಾರಿಸೀನಿ. ನನಗೆ ಗೊತ್ತಾಗದಿದ್ರೆ ಇನ್ಯಾರಿಗೆ ಗೊತ್ತಾಗ್ಬೇಕು?"

ನಿಜ. ವೇದಿಕೆಯ ಮೇಲೆ ನಾನು ಪ್ರತಿ ಸಾಲಿಗೆ ಮುಂಚೆ ಎಡ ಹಿಮ್ಮಡಿಯನ್ನು ನೆಲಕ್ಕೆ ಬಡಿಯುತ್ತೇನೆ. ಬ್ಯಾಂಡಿನ ಗಲಾಟೆಯಲ್ಲಿ ಯಾರಿಗೂ ಕೇಳುವುದಿಲ್ಲ. ಹಿಂದೆ ಕೂತ ಡ್ರಮ್ಮಿನವನು ಅದನ್ನು ನೋಡಿ ಹೊಡೆಯುತ್ತಾನೆ. ಆ ಹೊಡೆತದ ಮೇಲೆ ನಾನು ಸಾಲು ಎತ್ತಿಕೊಳ್ಳುತ್ತೇನೆ. ಹಲಗೆಯ ವೇದಿಕೆ ಆ ಬಡಿತವನ್ನು ಮೈಕಿನ ಕಂಬಕ್ಕೆ ಏರಿಸಿತ್ತು. ಅದು ಅವರದೆಂದು ನಾನು, ನನ್ನದೆಂದು ಅವರು, ಎರಡು ವಾರ ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟುಕೊಂಡಿದ್ದೆವು.

ಅಣ್ಣ ಕಂಪ್ಯೂಟರಿನಲ್ಲಿ ಬೇಸ್, ಅಂದರೆ ತಗ್ಗಿನ ಸದ್ದು, ಕತ್ತರಿಸಿ ನೋಡಿದರು. ಬಡಿತದ ಜೊತೆ ನನ್ನ ದನಿಯ ತೂಕವೂ ಹೋಗಿ, ತಗಡಿನ ಡಬ್ಬಿಯೊಳಗೆ ಹಾಡಿದಂತಾಯಿತು. ಅದಕ್ಕಿಂತ ದೊಡ್ಡದನ್ನು ಗೆಳೆಯ ಹೇಳಿದ.

"ಬಡಿತ ಹೋಗ್ಲಿ ಬಿಡ್ರಿ. ಇವಳು ತಾಳಕ್ಕಿಂತ ಮುಂಚೆ ಓಡಾಕ ಹತ್ಯಾಳೆ. ಬಸ್ಸು ಬಿಡ್ತೈತೇನೋ ಅಂತ ಓಡಿ ಹತ್ತೋರ ಹಂಗೆ. ಸದ್ದು ಕಮ್ಮಿ, ಅಷ್ಟೇ. ಇದು ಕೂಗೋದೇ."

ಆ ಸಂಜೆ ಮನೆಯಲ್ಲಿ ಸ್ಟ್ರಾ ಊದುತ್ತ ಎಡಗಾಲು ಬಡಿದು ನೋಡಿದೆ. ಹಿಮ್ಮಡಿ ನೆಲಕ್ಕೆ ತಾಗುವ ಗಳಿಗೆಗೆ ಹೊಟ್ಟೆ ಬಿಗಿಯಿತು, ಗಂಟಲು ಹಿಸುಕಿಕೊಂಡಿತು, ಲೋಟದ ಗುಳ್ಳೆ ನಿಂತಿತು. ಇನ್ನೊಮ್ಮೆ ಮಾಡಿದೆ, ಮತ್ತೆ ನಿಂತಿತು. ಎರಡು ವಾರ ನಾನು ಮೆಲ್ಲಗೆ ಹಾಡಿರಲಿಲ್ಲ. ಮೆಲ್ಲಗೆ ಕೂಗಿದ್ದೆ. ಕರಗಬೇಕಾದದ್ದನ್ನು ದಿನಾ ಉಜ್ಜಿದ್ದೆ.

ಮುಂದಿನ ದಿನಗಳಲ್ಲಿ ಮಾಡಿದ ಪ್ರಯತ್ನಗಳನ್ನು ಬರೆಯಲು ನಾಚಿಕೆಯಾಗುತ್ತದೆ. ಕುರ್ಚಿಯ ಮೇಲೆ ಕೂತು ಹಾಡಿದೆ. ಕೈ ತೊಡೆಗೆ ಬಡಿಯಿತು. ರಬ್ಬರ್ ಚಪ್ಪಲಿ ಹಾಕಿದೆ. ದಬ್ ಹೋಗಿ ಪಚ್ ಬಂತು. ಕೊನೆಗೆ ಗೆಳೆಯ ಹಲಗೆಯ ಮೇಲೆ ಕೂತು ನನ್ನ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಕಾಲು ಹಿಡಿದ್ರೆ ತಲೆ ಕೊಡವ್ತಾಳೆ ರೀ ಇವಳು, ಬಸವನ ಹಂಗೆ!"

"ಹಂಗೇ ಹಿಡ್ಕೊಳ್ರಿ, ಬಿಡಬ್ಯಾಡ್ರಿ" ಎಂದು ಅಣ್ಣ ಕಂಪ್ಯೂಟರಿನ ಹಿಂದಿನಿಂದ ಕೂಗುತ್ತಿದ್ದರು.

ಆ ವಾರದ ಕೊನೆಗೆ ದನಿ ಪೂರ್ತಿ ಹೋಯಿತು. 'ಊ' ಎಂದರೆ ನೀರಿನಲ್ಲಿ ಗಾಳಿ ಮಾತ್ರ. ಡಾಕ್ಟರು ಐದು ದಿನ ಹಾಡುವುದನ್ನೂ ನಿಲ್ಲಿಸಿದರು. ಆ ಐದು ದಿನ ಶಾಮನೂರಿನ ಮಹಡಿಯ ಮೇಲೆ ಕೂತು ಹೊಸ ಬಡಾವಣೆಗೆ ಇಟ್ಟಿಗೆ ಇಳಿಸುವುದನ್ನು ನೋಡಿದೆ. ಬೇರೆ ಏನು ಕೆಲಸ ಮಾಡಬಹುದು ಎಂದು ಯೋಚಿಸಿದೆ. ಒಂದೂ ಹೊಳೆಯಲಿಲ್ಲ. ಫೋನಿನಲ್ಲಿ ಆ ದಿನಗಳ ಬರಹ ಏನೂ ಇಲ್ಲ.

ಅಣ್ಣನ ಕೋಣೆಯ ಪಕ್ಕದಲ್ಲಿ ಗಾದಿ ಹೊಲೆಯುವ ಚಾಚಾನ ಅಂಗಡಿ. ಹಿಂದಿನ ಕೋಣೆಯಲ್ಲಿ ಹತ್ತಿ ಹಿಂಜುವ ಮಷೀನು, ಮುಂದೆ ಹೊಲಿಗೆ. ನಾವು ರೆಕಾರ್ಡಿಂಗಿಗೆ ಇಳಿದರೆ ಅಣ್ಣ ಗೋಡೆ ತಟ್ಟುತ್ತಿದ್ದರು, ಚಾಚಾ ಮಷೀನು ನಿಲ್ಲಿಸಿ ಹೊಲಿಗೆಗೆ ಕೂರುತ್ತಿದ್ದರು. ಹಾಗಾಗಿ ನನ್ನ ಹಾಡುಗಳನ್ನು ಎಲ್ಲರಿಗಿಂತ ಹೆಚ್ಚು ಕೇಳಿದವರು ಅವರೇ. ಐದು ದಿನ ಕಳೆದು ನಾನು ಗೆಳೆಯನ ಜೊತೆ ಹೋದಾಗ ಅವರು ಬಾಗಿಲಲ್ಲಿ ನಿಂತಿದ್ದರು.

"ಏನವ್ವ, ಕಾಲು ಇನ್ನಾ ಜಗಳಕ್ಕೆ ನಿಂತೈತೇನು?"

ಅಣ್ಣ ನನ್ನ ಪರವಾಗಿ ಎಲ್ಲ ಹೇಳಿದರು, ಕೂಗಿ.

"ನೆಲ ಗಟ್ಟಿ ಐತೆ, ಅದಕ್ಕೇ ಬಡೀತಾಳೆ" ಎಂದರು ಚಾಚಾ. "ಗಾದಿ ಮ್ಯಾಲೆ ನಿಂದ್ರಿಸು. ಬಡೀಲಿ, ಏನು ಬಡೀತಾಳೆ ನೋಡೋಣ."

"ಹತ್ತಿ ಧೂಳು ಚಾಚಾ" ಎಂದರು ಅಣ್ಣ. "ಡಾಕ್ಟ್ರು ಧೂಳು ಬ್ಯಾಡ ಅಂದಾರೆ. ಅಲ್ದೆ ಹತ್ತಿ ಸದ್ದು ನುಂಗ್ತೈತೆ, ಅದರ ಮ್ಯಾಲೆ ಹಾಡಿದ್ರೆ ದನಿ ಸತ್ತೋಗ್ತೈತೆ."

ಚಾಚಾನಿಗೆ ಎರಡನೆಯದು ಅರ್ಥವಾಗಲಿಲ್ಲ, ಮೊದಲನೆಯದರಿಂದ ಕೋಪ ಬಂತು. "ಹೊಲಿದ ಗಾದಿ ಧೂಳು ಬಿಡಲ್ಲ. ಬಿಟ್ರೆ ಅದು ನನ್ನ ಗಾದಿ ಅಲ್ಲ. ಮೂಗು ಇಟ್ಟು ನೋಡು, ಬಾ."

ಅವರಿಗೆ ಅವರದೇ ಒಂದು ಗರಜೂ ಇತ್ತು. ಅವರ ಅಂಗಡಿಯ ರೂಢಿ ಎಂದರೆ, ಹೊಲಿದು ಮುಗಿದ ಗಾದಿಯನ್ನು ಯಾರಾದರೂ ಬರಿಗಾಲಲ್ಲಿ ಅಂಚಿನಿಂದ ಅಂಚಿಗೆ ತುಳಿದು ನೋಡದೆ ಗಿರಾಕಿಗೆ ಕೊಡುತ್ತಿರಲಿಲ್ಲ. ಹತ್ತಿ ಸರಿಯಾಗಿ ಹಿಂಜದೆ ಉಂಡೆ ಉಳಿದಿದ್ದರೆ ಕೈಗೆ ಸಿಕ್ಕುವುದಿಲ್ಲ, ಹಿಮ್ಮಡಿಗೆ ಸಿಗುತ್ತದೆ. ಸಿಕ್ಕಲ್ಲಿ ಎರಡು ಹೊಲಿಗೆ ಬಿಚ್ಚಿ ಬಿಡಿಸಬೇಕು. ಚಾಚಾನ ಮೊಣಕಾಲು ಹಾಳಾದ ಮೇಲೆ ಆ ಕೆಲಸ ಸೊಸೆ ಮಾಡುತ್ತಿದ್ದಳು. ಸೊಸೆ ಹೆರಿಗೆಗೆ ತವರಿಗೆ ಹೋಗಿದ್ದಳು. ತುಳಿಯದ ನಾಲ್ಕು ಗಾದಿ ಗೋಡೆಗೆ ಒರಗಿದ್ದವು.

"ನೀನು ತುಳಿ ಬೇಟಿ. ಹಾಡೋದು ಹಾಡ್ಕೋ. ಉಂಡೆ ಸಿಕ್ರೆ ಕೈ ಎತ್ತು. ಆದ್ರೆ ಮದುವಿ ಗಾದಿ ಅದಾವೆ, ಕಾಲು ತೊಳ್ಕಂಡು ಹತ್ಬೇಕು."

ಕಾಲು ತೊಳೆದುಕೊಂಡೆ. ಅಣ್ಣ, ಗೆಳೆಯ ಸೇರಿ ಒಂದು ಗಾದಿ ಹೊತ್ತು ತಂದು ಹಲಗೆಯ ಮೇಲೆ ಹಾಸಿದರು. ಮೈಕಿನ ಕಂಬವನ್ನು ಹಲಗೆಯಿಂದ ಇಳಿಸಿ ನೆಲದ ಮೇಲಿಟ್ಟರು. ಮೊದಲು ಗಾದಿಯುದ್ದಕ್ಕೂ ಗುನುಗುತ್ತ ನಡೆದೆ. ಹೊಲಿಗೆಯ ಮೂರನೆಯ ಸಾಲಿನಲ್ಲಿ ಒಂದು ಉಂಡೆ ಸಿಕ್ಕಿತು, ಕೈ ಎತ್ತಿದೆ, ಚಾಚಾ ಸೂಜಿ ಹಿಡಿದು ಬಂದರು. ಆಮೇಲೆ ನಡುವೆ ನಿಂತು ಶುರು ಮಾಡಿದೆ.

ತಾಳ ಬಂತು. ಎಡ ಹಿಮ್ಮಡಿ ಇಳಿಯಿತು, ಇಳಿಯುತ್ತಲೇ ಹೋಯಿತು. ನೆಲ ಸಿಗಲಿಲ್ಲ. ಸಾಲು ಪೂರ್ತಿ ತಪ್ಪಿಹೋಯಿತು.

"ಎಲ್ಲಿ ಹೋದ್ಯವ್ವ?" ಅಣ್ಣ ನಿಲ್ಲಿಸಿದರು.

ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಬಾಯಿ ತೆರೆಯುವ ಹೊತ್ತಿಗೆ ತಾಳ ಎರಡು ಹೆಜ್ಜೆ ಮುಂದಿತ್ತು. ನನಗೆ ಹೆದರಿಕೆಯಾಯಿತು. ಹತ್ತು ವರ್ಷದಲ್ಲಿ ಎಲ್ಲಿ ಶುರು ಮಾಡಬೇಕು ಎಂದು ಹೇಳುತ್ತಿದ್ದದ್ದು ನನ್ನ ಕಿವಿಯಲ್ಲ, ಕಾಲು. ಅದು ಈಗ ಹತ್ತಿಯಲ್ಲಿ ಹೂತುಹೋಗಿತ್ತು. ಫೋನಿನಲ್ಲಿ ಬರೆದು ಹತ್ತಿರವಿದ್ದ ಚಾಚಾನ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ, ಫೋನನ್ನು ಕೈಯುದ್ದ ದೂರ ಹಿಡಿದು, ಸರಕಾರಿ ನೋಟಿಸು ಓದುವಂತೆ ಓದಿದರು: "ಎಲ್ಲಿ… ಶುರು… ಮಾಡ್ಬೇಕು… ಗೊತ್ತಾಗ್ತಿಲ್ಲ." ಆಮೇಲೆ ಫೋನು ವಾಪಸು ಕೊಟ್ಟು, "ಗೊತ್ತಾದ ಮ್ಯಾಲೆ ಶುರು ಮಾಡು, ಅದಕ್ಕೇನು?" ಎಂದರು.

"ಅಲ್ಲೀತನ ಕಂಪ್ಯೂಟರ್ ಕಾಯಲ್ಲ ಚಾಚಾ!" ಎಂದರು ಅಣ್ಣ.

"ಕಾಯದಿದ್ರೆ ಅದು ಮುಂದೆ ಹೋಗ್ಲಿ. ಈಕಿ ಹಿಂದಿಂದ ಬರ್ತಾಳೆ."

ಗೆಳೆಯ ಮತ್ತೆ ನಗಲು ಶುರು ಮಾಡಿದ. ನಾನು ಕಣ್ಣು ಮುಚ್ಚಿದೆ. ತಾಳ ಬಂದದ್ದನ್ನು ಕೇಳಿಸಿಕೊಂಡೆ, ಆಮೇಲೆ ಹಾಡಿದೆ. ಇಷ್ಟೇ ಮಾಡಿದ್ದು. ಪ್ರತಿ ಸಾಲೂ ತಾಳಕ್ಕಿಂತ ಒಂದು ಕೂದಲೆಳೆ ಹಿಂದೆ ಬಿತ್ತು. ನಲವತ್ತು ನಿಮಿಷದ ಅಲಾರಂ ಹೊಡೆದಾಗ ಗಂಟಲು ಮುಟ್ಟಿಕೊಂಡೆ. ಕೆರೆತವಿರಲಿಲ್ಲ. ಅದೇ ಮೊದಲು.

ಅಣ್ಣ ಕಂಪ್ಯೂಟರಿನಲ್ಲಿ ಆ ಸಾಲುಗಳನ್ನು ಒಂದೊಂದಾಗಿ ಹಿಡಿದು ಸರಿಯಾಗಿ ತಾಳದ ಮೇಲೆ ಕೂರಿಸಿದರು. ತಪ್ಪು ತಿದ್ದುವುದು ಅವರ ಕೆಲಸ. ಕೇಳಿದೆವು. ಅಚ್ಚುಕಟ್ಟಾಗಿತ್ತು, ಆಟೋದ ಜಾಹೀರಾತಿನ ಹಾಗೆ. ಅಣ್ಣನೇ ತಲೆಯಾಡಿಸಿ ಮತ್ತೆ ಹಿಂದಕ್ಕೆ ಸರಿಸಿದರು. "ತಡ ಆಗೈತೆ. ಆದ್ರೆ ಈಗ ಯಾರೋ ಯೋಚನೆ ಮಾಡಿ ಹೇಳ್ದಂಗೆ ಕೇಳ್ತೈತೆ."

ಹಳೆಯ ಐದು ಹಾಡಿನ ದನಿಯನ್ನು ಪೂರ್ತಿ ಅಳಿಸಿಹಾಕುವ ತೀರ್ಮಾನ ಆ ದಿನದ್ದೇ. ಹತ್ತು ವಾರವೂ ಉಳಿದಿರಲಿಲ್ಲ. ದಿನಕ್ಕೆ ನಲವತ್ತು ನಿಮಿಷದಲ್ಲಿ ಎಂಟನ್ನೂ ಮೊದಲಿನಿಂದ ಹಾಡಬೇಕಿತ್ತು, ಆಗದಿದ್ದರೆ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ನನ್ನ ನೆನಪಿನಲ್ಲಿ ಇದು ಚೆಂದವಾಗಿ ಕೂತಿದೆ: ಗಾದಿಯ ಮೇಲೆ ಹಾಡಿದೆ, ಗಂಟಲು ಹಗುರಾಯಿತು, ಆಗ ಅಳಿಸಿ ಎಂದೆ. ಫೋನು ಬೇರೆ ಹೇಳುತ್ತದೆ. "ಐದೂ ತೆಗೀರಿ ಅಣ್ಣ. ಇಟ್ಕೊಂಡ್ರೆ ಮತ್ತೆ ಅಲ್ಲಿಗೇ ಹೋಗ್ತೀನಿ" ಎಂದು ಬರೆದದ್ದು ಬೆಳಿಗ್ಗೆ ಹತ್ತೂಮುಕ್ಕಾಲಿಗೆ. ಗಾದಿಯ ಮೇಲಿನ ಮೊದಲ ಹಾಡಿನ ಫೈಲು ಹನ್ನೆರಡು ಗಂಟೆಯದ್ದು. ಅಂದರೆ ಬೇರೆ ದಾರಿ ಇದೆ ಎಂದು ತಿಳಿಯುವ ಮುಂಚೆಯೇ ಅಳಿಸಲು ಹೇಳಿದ್ದೆ. ಅಣ್ಣನ ಪ್ರಕಾರ ಅಳಿಸಿದ್ದು ಅವರ ಸ್ವಂತ ಬುದ್ಧಿ. ಗೆಳೆಯನೋ, "ಇಬ್ಬರೂ ಸುಳ್ಳು, ಅಳಿಸಿ ಅಂದವನು ನಾನು" ಎನ್ನುತ್ತಾನೆ. ಫೋನಿನ ಗಡಿಯಾರವನ್ನು ನಂಬುವುದಾದರೆ ನಾನು ನೆನಪಿಟ್ಟುಕೊಂಡದ್ದಕ್ಕಿಂತ ಹತಾಶಳಾಗಿದ್ದೆ.

ಆಮೇಲಿನ ವಾರಗಳನ್ನು ನೆನೆದರೆ ಈಗಲೂ ಖುಷಿ. ಹೊಸ ಹಾಡಿಗೊಂದು ಹೊಸ ಗಾದಿ. ಬೂರುಗದ ಹತ್ತಿಯದಾದರೆ ಕಾಲು ಇನ್ನೂ ಆಳಕ್ಕೆ ಇಳಿಯುತ್ತಿತ್ತು, ನಾನು ಇನ್ನೂ ತಡವಾಗಿ ಬರುತ್ತಿದ್ದೆ. ನಿಧಾನದ ಹಾಡುಗಳನ್ನು ಅದಕ್ಕೆಂದು ಎತ್ತಿಟ್ಟೆವು. ಎರಡನೆಯ ಹಾಡಿನ ಗಾದಿ ಕೊಕ್ಕನೂರಿಗೆ ಹೋಯಿತು. ಐದನೆಯದು ಕಡರನಾಯಕನಹಳ್ಳಿಯ ಮದುಮಗಳಿಗೆ. ಅದರಲ್ಲಿ, ಹಾಡು ಅತ್ಯಂತ ಚೆನ್ನಾಗಿ ಬರುತ್ತಿದ್ದಾಗ, ಬಲ ಹಿಮ್ಮಡಿಗೆ ಉಂಡೆ ಸಿಕ್ಕಿತು. ಕೈ ಎತ್ತಿದೆ.

"ಹಾಡು ಮುಗಿಸಿ ಎತ್ತಬಾರದೇನ ಯವ್ವ!" ಎಂದು ಅಣ್ಣ ತಲೆ ಹಿಡಿದುಕೊಂಡರು.

"ಆಕಿ ಮಾಡಿದ್ದು ಸರಿ ಐತೆ" ಎಂದು ಚಾಚಾ ಸೂಜಿಗೆ ದಾರ ಪೋಣಿಸಿದರು. "ಹಾಡು ನಾಳೆ ಹಾಡಬೌದು. ಗಾದಿ ಇವತ್ತು ಹೋಗ್ಬೇಕು."

ಆರನೆಯ ಹಾಡಿಗೆ ಮಷೀನಿನ ತಾಳ ಹೊಂದಲಿಲ್ಲ. ಗೆಳೆಯ ಸುರುಳಿ ಸುತ್ತಿದ ಗಾದಿಯ ಮುಂದೆ ಮಂಡಿಯೂರಿ ಅಂಗೈಯಲ್ಲಿ ಬಾರಿಸಿದ. ಡ್ರಮ್ಮಿನ ಕಡ್ಡಿ ಇಲ್ಲದೆ ಅವನು ಬಾರಿಸಿದ್ದು ನಾನು ಅದೇ ಮೊದಲು ನೋಡಿದ್ದು. ನನ್ನ ಹಿಮ್ಮಡಿ ಕಾಣದಂತೆ ಗೋಡೆಗೆ ಮುಖ ಮಾಡಿ ಕೂತ. ಒಂದೇ ಸಲಕ್ಕೆ ಬಂತು. "ಬಚ್ಚಲುಮನೆ ಹಾಡು ಅಂದಿದ್ದೆ, ವಾಪಸ್ ತಗಂತೀನಿ" ಎಂದು, ಗಾದಿಯ ಸುರುಳಿ ಬಿಚ್ಚುತ್ತ, "ಇದು ಮಲಗೋ ಮನೆ ಹಾಡು" ಎಂದ.

ಮೂರು ತಿಂಗಳು ಮುಗಿದಾಗ ಎಂಟೂ ಹಾಡು ಆಗಿದ್ದವು. ಡಾಕ್ಟರು ಮತ್ತೆ ಕ್ಯಾಮೆರಾ ಇಳಿಸಿದರು. ಎಡಗಡೆಯ ಗಂಟು ಇರಲಿಲ್ಲ, ಬಲಗಡೆಯದು ಅರ್ಧ ಉಳಿದಿತ್ತು. ಇನ್ನೆರಡು ತಿಂಗಳಿಗೆ ಅದೂ ಹೋಯಿತು. ಮಾತಾಡಬಹುದು ಎಂದರು. ಏನು ಮಾತಾಡಬೇಕೋ ತಿಳಿಯದೆ ಥ್ಯಾಂಕ್ಸ್ ಸರ್ ಎಂದೆ, ಎಲ್ಲರಂತೆ. ಈಗ ಬ್ಯಾಂಡಿನಲ್ಲೂ ಹಾಡುತ್ತೇನೆ, ಮೊದಲಿಗಿಂತ ಕಡಿಮೆ.

ಆಲ್ಬಮನ್ನು ನೆಟ್ಟಿಗೆ ಏರಿಸಿದ ಮೇಲೆ ಕೇಳಿದವರು ಹೆಚ್ಚಾಗಿ ಹೇಳುವುದು ಏಳನೆಯ ಹಾಡಿನ ಬಗ್ಗೆ. ಅದರಲ್ಲಿ ಸಾಲುಗಳ ಕೊನೆಗೆ ದನಿ ಸಣ್ಣಗೆ ಒಡೆದು ಗಾಳಿಯಾಗುತ್ತದೆ. ಅದನ್ನು ಹೇಗೆ ಮಾಡಿದಿರಿ ಎಂದು ಕೇಳುತ್ತಾರೆ. ಕಲಿತದ್ದು ಎಂದು ಕೆಲವರಿಗೆ ಹೇಳಿದ್ದೇನೆ. ಹಾಗೆ ಹೇಳಿದ ಮೇಲೆ ಮನೆಯಲ್ಲಿ ಹಾಡಿ ನೋಡಿದೆ. ಒಂದು ದಿನ ಬಂತು, ಮೂರು ದಿನ ಬರಲಿಲ್ಲ. ಅಣ್ಣ ಆ ದಿನದ ಎಲ್ಲ ಫೈಲು ತೆಗೆದು ಕೇಳಿಸಿದರು: ಎರಡನೆಯ ಸಲ ಹಾಡಿದ್ದರಲ್ಲಿ ಅದಿಲ್ಲ, ನಾವು ಉಳಿಸಿಕೊಂಡ ಮೂರನೆಯದರಲ್ಲಿ ಇದೆ. ನಡುವೆ ಇದ್ದದ್ದು ನಾಲ್ಕು ನಿಮಿಷ.

ಹಾಡನ್ನು ಡಾಕ್ಟರಿಗೂ ಕೇಳಿಸಿ, ಆ ಗಾಳಿ ಎಲ್ಲಿಂದ ಬಂತು ಎಂದು ಕೇಳಿದೆ. ಎರಡು ಸಲ ಕೇಳಿದರು. "ಚೆನ್ನಾಗಿದೆ. ಆದರೆ ಕೇಳಿ ಹೇಳೋಕಾಗಲ್ಲ. ಅವತ್ತು ಕ್ಯಾಮೆರಾ ಹಾಕಿ ನೋಡಿದ್ದರೆ ಹೇಳಬಹುದಿತ್ತು."

ಅವತ್ತು ನೋಡಿರಲಿಲ್ಲ. ಜನ ಮೆಚ್ಚುವ ಆ ದನಿ ನಾನು ಕಂಡುಕೊಂಡದ್ದೋ, ಇನ್ನೂ ಕರಗದೆ ಉಳಿದಿದ್ದ ಗಂಟಿನದ್ದೋ, ನನಗೆ ಗೊತ್ತಿಲ್ಲ.